ಸಹಾಯ ಬೇಕು: ಅಜ್ಜಾರ ಕ್ಯಾಮರಾಕ್ಕ ಹೊಸ ತಿದಿ ಕಟ್ಟಸಬೇಕು (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅಜ್ಜಾರು ಗದಗದಾಗ ಫೋಟೋ ಸ್ಟುಡಿಯೋ ಇಟ್ಟಿದ್ರು. ಅವರ ಕಟ್ಟಿಗಿ ಕ್ಯಾಮರಾ, 4×5 ಇಂಚು ಶೀಟ್ ಫಿಲ್ಮ್ ಹಾಕೋದು, ಈಗ ನನ್ನ ಹತ್ರ ಐತಿ. ಲೆನ್ಸು, ಶಟರ್ ಚಲೋ ಅದಾವು. ತ್ರಾಸು ಬೆಲ್ಲೋಸಿಂದು, ಅಂದ್ರ ಲೆನ್ಸಿಗೂ ಫಿಲ್ಮಿಗೂ ನಡುವ ಇರೋ ಮಡಿಕಿ ಮಡಿಕಿ ತೊಗಲ ತಿದಿದು.

ರಾತ್ರಿ ಲೈಟ್ ಆರಿಸಿ ಒಳಗ ಟಾರ್ಚ್ ಹಿಡಿದು ನೋಡಿದೆ. ಮಡಿಕಿ ಮೂಲಿಗೆಲ್ಲಾ ತೂತು, ಚಿಕ್ಕಿ ಹಂಗ ಬೆಳಕು ಕಾಣತೈತಿ. ಫಿಲ್ಮ್ ಮ್ಯಾಲೆ ಮಬ್ಬು ಬೀಳೋದು ಇದಕ್ಕ. ಕರಿ ಫ್ಯಾಬ್ರಿಕ್ ಪೇಂಟ್ ಹಚ್ಚಿದೆ, ನಾಕು ಸಲ ತೆಗೆದು ಮುಚ್ಚೋದ್ರಾಗ ಬಿರಕು ಬಿಡ್ತು. ದಪ್ಪ ಹಚ್ಚಿದ್ರ ಮಡಿಕಿ ಕೂಡಂಗಿಲ್ಲ, ಕ್ಯಾಮರಾನೂ ಮುಚ್ಚಂಗಿಲ್ಲ. ತೊಗಲ ಒಣಗಿ ಪುಡಿ ಆಗಾಕತ್ತೈತಿ. ಇನ್ನ ತ್ಯಾಪಿ ಹಚ್ಚಿ ಉಪಯೋಗಿಲ್ಲ, ಹೊಸಾದ ಕಟ್ಟಸಬೇಕು.

ಹುಬ್ಬಳ್ಳಿ-ಧಾರವಾಡದಾಗ ಹಾರ್ಮೋನಿಯಂ ತಿದಿ ರಿಪೇರಿ ಮಾಡೋರು ಯಾರರ ಗೊತ್ತದಾರೇನ್ರಿ? ಅವರು ಗಾಳಿ ಸೋರದಂಗ ಕಟ್ತಾರ, ನನಗ ಬೆಳಕು ಸೋರದಂಗ ಬೇಕು. ಕೈಗುಣ ಒಂದ ಅಂತ ನನ್ನ ನಂಬಿಕಿ. ಬುಕ್ ಬೈಂಡಿಂಗ್ ಮಾಡೋರಾದ್ರೂ ನಡೀತದ. ಹೊರಗ ತೆಳು ತೊಗಲ, ಒಳಗ ಹೊಳಪಿಲ್ಲದ ಕರಿ ಬಟ್ಟಿ, ನಡುವ ರಟ್ಟಿನ ಪಟ್ಟಿ. ಮೂಲ್ಯಾಗ ಮಾತ್ರ ರಟ್ಟು ಬರಬಾರದು, ಬಂದ್ರ ಮಡಚಂಗಿಲ್ಲ. ಅಳತಿಗೆ ಹಳೇದನ್ನ ಬಿಚ್ಚಿ ಕೊಡ್ತೀನಿ. ಅಷ್ಟು ತೆಳು ತೊಗಲ ಎಲ್ಲಿ ಸಿಗತದ ಅನ್ನೋದನ್ನೂ ಹೇಳ್ರಿ.

ದೀಪಾವಳಿಗೆ ಮನಿ ಮಂದಿ ಎಲ್ಲಾ ಕೂಡ್ತಾರ. ಅಜ್ಜಿಗೆ ಈಗ 84. ಅಜ್ಜಾರ ಕ್ಯಾಮರಾದಾಗ ಅವರದೊಂದು ಫೋಟೋ ತೆಗೀಬೇಕ್ರಿ.