ಕರ್ನಾಟಕ ಸಂಗೀತ ಕೇಳಲು ಮನೆಗೆ ಎಂಥ ಸ್ಪೀಕರ್ ಒಳ್ಳೆಯದು?

ಪ್ರಶ್ನೆ: ಕೇಳುಗ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 74 ವರ್ಷ. ಚಿಕ್ಕಂದಿನಲ್ಲಿ ಗಾಯನ ಕಲಿತವರಾದ ಅವರು ಇವತ್ತಿಗೂ ದಿನಾ ಬೆಳಿಗ್ಗೆ ಚಾಪೆ ಹಾಸಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ ಎರಡು ಗಂಟೆ ಸಂಗೀತ ಕೇಳುತ್ತಾರೆ. ಇಷ್ಟು ದಿನ ಟಿ.ವಿ. ಕೆಳಗಿನ ಸೌಂಡ್‌ಬಾರ್‌ನಲ್ಲೇ ಕೇಳುತ್ತಿದ್ದರು. ಆದರೆ ಹಾಡುವವರು ಡಬ್ಬಿಯೊಳಗೆ ಕುಳಿತಂತಿದೆ, ತಂಬೂರಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದು ಅವರು ಹೇಳಿದ ಮೇಲೆ, ಒಂದು ಜೊತೆ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಕೊಡಿಸಬೇಕೆಂದು ನಿರ್ಧರಿಸಿದ್ದೇನೆ. ಎರಡಕ್ಕೂ ಸೇರಿ 60,000 ರೂಪಾಯಿ ಎತ್ತಿಟ್ಟಿದ್ದೇನೆ.

ಅವರು ಹೆಚ್ಚಾಗಿ ಕೇಳುವುದು ಆರ್.ಕೆ. ಶ್ರೀಕಂಠನ್ ಅವರ ಗಾಯನ, ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ, ಮಲ್ಲಿಕಾರ್ಜುನ ಮನ್ಸೂರರ ಖಯಾಲು ಮತ್ತು ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳನ್ನು. ಜೊತೆಗೆ, 1940ರ ದಶಕದ ಕೊನೆಯಲ್ಲಿ ನಮ್ಮ ಜಯಚಾಮರಾಜ ಒಡೆಯರ್ ಅವರ ನೆರವಿನಿಂದ ಧ್ವನಿಮುದ್ರಣಗೊಂಡ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಪಿಯಾನೊ ಕೃತಿಗಳೆಂದರೂ ಅವರಿಗೆ ಪ್ರೀತಿ.

ಕೋಣೆ 12 ಅಡಿಗೆ 12 ಅಡಿ ಇದ್ದು, ನೆಲಕ್ಕೆ ಟೈಲ್ಸ್ ಹಾಕಿದೆ. ಅಂಗಡಿಯವರು ಎದೆಮಟ್ಟದ ಎತ್ತರದ, ನೆಲದ ಮೇಲೆ ನಿಲ್ಲುವ ಸ್ಪೀಕರ್‌ಗಳನ್ನೇ ತೆಗೆದುಕೊಳ್ಳಿ ಎಂದರು. ಅಲ್ಲಿ ಮೃದಂಗ ಬಹಳ ಭರ್ಜರಿಯಾಗಿ ಕೇಳಿಸಿತಾದರೂ ಅರ್ಧ ಗಂಟೆಯಲ್ಲಿ ನನಗೆ ತಲೆ ಭಾರವಾಯಿತು. ಅನುಭವಸ್ಥರು ದಾರಿ ತೋರಿಸಬೇಕು.

ಉತ್ತರ 1: ಶ್ರುತಿಸುಖ, ಬೆಂಗಳೂರು

ನಮಸ್ಕಾರ. ತಲೆ ಭಾರವಾಯಿತೆಂಬ ತಮ್ಮ ಅನುಭವವನ್ನು ದಯವಿಟ್ಟು ಕಡೆಗಣಿಸಬೇಡಿ. ದಿನಕ್ಕೆ ಎರಡು ಗಂಟೆ ಕೇಳುವವರಿಗೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ. ನಮ್ಮ ಸಂಗೀತದ ಜೀವ ಇರುವುದು ಕಂಠದಲ್ಲಿ. ಒಂದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಸಿ ಸ್ವರವನ್ನು ಷಡ್ಜವಾಗಿಟ್ಟು) ಹಾಡುವ ಗಂಡು ಕಂಠದ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಮಂದ್ರ (ಕೆಳಗಿನ ಸ್ಥಾಯಿಯ) ಪಂಚಮ 98 ಹರ್ಟ್ಸ್. ಅದೇ ಶ್ರುತಿಯ ತಂಬೂರಿಯ ಮಂದ್ರ ಷಡ್ಜದ ತಂತಿ 65 ಹರ್ಟ್ಸ್ ಆಸುಪಾಸಿನದು. ಪಾಶ್ಚಾತ್ಯ ವಾದ್ಯವೃಂದದ ಡಬಲ್ ಬಾಸ್‌ನಂತೆ 41 ಹರ್ಟ್ಸ್‌ವರೆಗೆ ಇಳಿಯುವ ಅಗತ್ಯ ನಮ್ಮ ಕಚೇರಿಗೆ ಇಲ್ಲದಿರುವುದರಿಂದ, ಐದರಿಂದ ಆರೂವರೆ ಅಂಗುಲದ ವೂಫರ್ (ಕೆಳಗಿನ ಮತ್ತು ನಡುವಿನ ಸ್ವರಗಳನ್ನು ನುಡಿಸುವ ಘಟಕ) ಇರುವ, ಸ್ಟ್ಯಾಂಡಿನ ಮೇಲೆ ಇಡುವ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ತಮ್ಮ ಕೋಣೆಗೆ ಧಾರಾಳವಾಗಿ ಸಾಕು. ಸಬ್‌ವೂಫರ್ (ಬರೀ ಕೆಳಸ್ವರಗಳಿಗೆಂದು ಇಡುವ ಪ್ರತ್ಯೇಕ ಸ್ಪೀಕರ್) ಈಗ ಬೇಡ. ಬಿಬಿಸಿಯವರು 1970ರ ದಶಕದಲ್ಲಿ ತಮ್ಮ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ರೂಪಿಸಿದ ಎಲ್‌ಎಸ್‌3/5ಎ ಎಂಬ ಪುಟ್ಟ ಸ್ಪೀಕರನ್ನು ಇಂದಿಗೂ ಜನ ಹುಡುಕಿಕೊಂಡು ಹೋಗುವುದು ಮನುಷ್ಯರ ದನಿಯನ್ನು ಅದು ಸಹಜವಾಗಿ ನುಡಿಸುತ್ತದೆ ಎಂಬ ಕಾರಣಕ್ಕೇ.

ಅಂಗಡಿಗೆ ಹೋಗುವಾಗ ತಂದೆಯವರು ಬಾಯಿಪಾಠದಂತೆ ಬಲ್ಲ ನಾಲ್ಕು ಧ್ವನಿಮುದ್ರಣಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಮೊದಲು ತಂಬೂರಿಯನ್ನು ಮಾತ್ರ ಕೇಳಿ. ಕುದುರೆಯ (ತಂತಿಗಳನ್ನು ಹೊರುವ ಸೇತುವೆಯ) ಮೇಲೆ ತಂತಿಯ ಅಡಿಗೆ ಇಡುವ ಜೀವದ ದಾರದಿಂದಾಗಿ ತಂತಿಯ ನಾದ ಅರಳಿಕೊಳ್ಳುತ್ತದೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಬರುತ್ತದೆ. ಯಾವ ಸ್ಪೀಕರಿನಲ್ಲಿ ಆ ಗಾಂಧಾರ ಹುಡುಕದೆಯೇ ಕಿವಿಗೆ ಬೀಳುತ್ತದೆಯೋ ಅದರ ಮುಂದೆ ಇನ್ನೂ ಹತ್ತು ನಿಮಿಷ ಕುಳಿತುಕೊಳ್ಳಿ. ಬಳಿಕ ಸಾಹಿತ್ಯದ ಕಡೆ ಗಮನ ಕೊಡಿ. ಸ, ಶ ಎರಡೂ ಬೇರೆಬೇರೆಯಾಗಿ ಕೇಳಬೇಕು, ಆದರೆ ಸೀಟಿ ಊದಿದಂತೆ ಚುಚ್ಚಬಾರದು. ಸಾಮಾನ್ಯವಾಗಿ ವೂಫರಿನಿಂದ ಟ್ವೀಟರಿಗೆ (ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಘಟಕಕ್ಕೆ) ಕೆಲಸ ಹಸ್ತಾಂತರವಾಗುವುದು 2,000ದಿಂದ 3,000 ಹರ್ಟ್ಸ್ ನಡುವೆ. ವ್ಯಂಜನಗಳ ಸ್ಪಷ್ಟತೆಯ ಹೆಚ್ಚಿನ ಪಾಲು ಅಲ್ಲಿಂದ ಮೇಲಕ್ಕೇ ಇರುವುದರಿಂದ, ಆ ಬೆಸುಗೆ ಒರಟಾದರೆ ಸಾಹಿತ್ಯ ಕೆಡುತ್ತದೆ.

ಕೊನೆಗೆ ಮೃದಂಗ. ತೊಪ್ಪಿಯ (ಎಡ ಮುಖದ) ಮೇಲೆ ಗುಮ್ಕಿ (ಕೈ ಒತ್ತಿ ಜಾರಿಸುವ ಪೆಟ್ಟು) ನುಡಿಸಿದಾಗ ನಾದ ಒಂದು ಸ್ಥಾನದಿಂದ ಇನ್ನೊಂದಕ್ಕೆ ಜಾರುತ್ತದೆ. ಬಾಸ್ ಉಬ್ಬಿಸಿದ ಸ್ಪೀಕರಿನಲ್ಲಿ ಆ ಜಾರು ಅಳಿಸಿಹೋಗಿ, ಪ್ರತಿ ಪೆಟ್ಟೂ ಒಂದೇ ಸ್ಥಾನದ "ಧಂ" ಆಗಿಬಿಡುತ್ತದೆ. ತಾವು ಭರ್ಜರಿ ಎಂದದ್ದು ಬಹುಶಃ ಇದನ್ನೇ. ಎರಡು ಜೊತೆಗಳನ್ನು ಹೋಲಿಸುವಾಗ ಎರಡರ ಗಟ್ಟಿತನವೂ ಸಮವಾಗಿರಬೇಕು ಎಂಬುದನ್ನೂ ಮರೆಯಬೇಡಿ. ಒಂದು ಡೆಸಿಬಲ್ ಹೆಚ್ಚು ಜೋರಾಗಿರುವುದು ನಮಗೆ ಅರಿವಿಲ್ಲದೆಯೇ ಉತ್ತಮವಾಗಿ ಕೇಳುತ್ತದೆ.

ಉತ್ತರ 2: ಹಳೆಯ ರೇಡಿಯೊ, ಧಾರವಾಡ

ಮೇಲಿನವರು ಸ್ಪೀಕರಿನ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿದೆ. ನನಗೆ ಕಳವಳ ಹುಟ್ಟಿಸಿದ್ದು ತಮ್ಮ ಕೋಣೆಯ ಅಳತೆ. 12 ಅಡಿ ಅಂತರದ ಎರಡು ಗೋಡೆಗಳ ನಡುವೆ 47 ಹರ್ಟ್ಸ್ ಮತ್ತು ಅದರ ಎರಡರಷ್ಟು, ಅಂದರೆ 94 ಹರ್ಟ್ಸ್ ಆಸುಪಾಸಿನ ನಾದಗಳು ಗೋಡೆಯಿಂದ ಗೋಡೆಗೆ ಬಡಿದು ಉಬ್ಬುತ್ತವೆ. ಕೋಣೆ ಚೌಕವಾಗಿರುವುದರಿಂದ ಉದ್ದದಲ್ಲೂ ಅಗಲದಲ್ಲೂ ಅದೇ ಉಬ್ಬು ಸೇರಿಕೊಳ್ಳುತ್ತದೆ. ಒಂದು ಮನೆ ಶ್ರುತಿಯ ಮಂದ್ರ ಪಂಚಮ ಅದರ ಪಕ್ಕದಲ್ಲೇ ಇದೆಯಲ್ಲವೇ? ಗಾಯಕರು ಮಂದ್ರಕ್ಕೆ ಇಳಿದಾಗ ಆ ಒಂದು ಸ್ವರ ಮಾತ್ರ ಗುಂಯ್‌ಗುಟ್ಟಿದರೆ ಸ್ಪೀಕರನ್ನು ದೂರಬೇಡಿ. ಗೋಡೆಗೆ ಬೆನ್ನು ಕೊಟ್ಟು ಕುಳಿತರೆ ಈ ದೋಷ ಅತಿ ಹೆಚ್ಚು. ಕೋಣೆಯ ನಟ್ಟನಡುವೆಯೂ 94 ಹರ್ಟ್ಸ್ ಕಾಡುತ್ತದೆ. ಹಿಂದಿನ ಗೋಡೆಯಿಂದ ನಾಲ್ಕು ಅಡಿ ಮುಂದೆ ಚಾಪೆ ಹಾಸಿ, ಸ್ಪೀಕರ್‌ಗಳ ನಡುವೆ ಆರು ಅಡಿ, ಪ್ರತಿಯೊಂದರಿಂದ ಕಿವಿಗೂ ಆರು ಅಡಿ ಇರುವಂತೆ ಹೊಂದಿಸಿದರೆ ಸ್ಪೀಕರಿನ ಬೆನ್ನಿಗೆ ಸುಮಾರು ಎರಡು ಅಡಿ ಜಾಗ ಉಳಿಯುತ್ತದೆ. ಮೂಲೆಗಳಿಗೆ ಒತ್ತರಿಸಲೇಬೇಡಿ. ಟೈಲ್ಸ್ ನೆಲದ ಮೇಲೆ ದಪ್ಪನೆಯ ನವಲಗುಂದ ಜಮಖಾನ, ಒಂದು ಗೋಡೆಗೆ ಪುಸ್ತಕದ ಕಪಾಟು, ಕಿಟಕಿಗೆ ಭಾರವಾದ ಪರದೆ ಇದ್ದರೆ ಮೇಲಿನ ಸ್ವರಗಳ ಮಾರ್ದನಿ ತಗ್ಗುತ್ತದೆ, ಆದರೆ ಮಂದ್ರದ ಉಬ್ಬಿಗೆ ಬಟ್ಟೆಯಿಂದ ಏನೂ ಆಗದು.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಮನೆಗೆ ಬಂದು ಜೋಡಿಸಿಕೊಟ್ಟವರು ಒಂದು ಸ್ಪೀಕರಿನ ಕೆಂಪು, ಕಪ್ಪು ತಂತಿಗಳನ್ನು ಅದಲುಬದಲು ಮಾಡಿದ್ದರು. ತಂಬೂರಿಯ ಮಂದ್ರ ಮಾಯವಾಗಿ, ಗಾಯಕರ ದನಿ ಯಾವ ಜಾಗದಿಂದ ಬರುತ್ತಿದೆಯೆಂದೇ ತಿಳಿಯದೆ, ಆರು ತಿಂಗಳು ಒಳ್ಳೆಯ ಸ್ಪೀಕರನ್ನೇ ಕೆಟ್ಟದ್ದೆಂದು ನಂಬಿದ್ದೆವು. ಆಕಾಶವಾಣಿಯ ಹಳೆಯ ಮುದ್ರಣಗಳು ಮಾನೋ (ಎರಡೂ ಸ್ಪೀಕರಿನಲ್ಲಿ ಒಂದೇ ನಾದ ಬರುವಂಥವು) ಆಗಿರುವುದರಿಂದ ಇದನ್ನು ಪರೀಕ್ಷಿಸುವುದು ಸುಲಭ. ನಡುವೆ ಕುಳಿತು ಕಣ್ಣು ಮುಚ್ಚಿದಾಗ ಕಂಠ ಎರಡು ಸ್ಪೀಕರ್‌ಗಳ ಮಧ್ಯದ ಖಾಲಿ ಜಾಗದಿಂದ, ಒಬ್ಬ ಮನುಷ್ಯನ ಬಾಯಿಯಷ್ಟೇ ಅಗಲವಾಗಿ ಬರಬೇಕು.

ಪ್ರಶ್ನೆ ಕೇಳಿದವರು: ಕೇಳುಗ, ಮೈಸೂರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಭಾನುವಾರ ತಂದೆಯವರನ್ನೇ ಕರೆದುಕೊಂಡು ಬೇರೊಂದು ಅಂಗಡಿಗೆ ಹೋಗಿದ್ದೆ. ವಾರ್ಫ್‌ಡೇಲ್ ಡೈಮಂಡ್ 12.2 ಮತ್ತು ಇನ್ನೊಂದು ಕಂಪನಿಯ ಐದು ಅಂಗುಲದ ಜೊತೆಯನ್ನು ಒಂದೇ ಮಟ್ಟದಲ್ಲಿ ಕೇಳಿಸಿದರು. ಎರಡನೆಯದರಲ್ಲಿ ವೀಣೆಯ ಮೀಟು ಬಹಳ ಚುರುಕಾಗಿತ್ತು. ಆದರೆ ವಾರ್ಫ್‌ಡೇಲ್‌ನಲ್ಲಿ, ಮೀಟು ಮುಗಿದ ಮೇಲೆ ಬೆರಳು ತಂತಿಯನ್ನು ಎಳೆದು ಗಮಕ ನುಡಿಸುವ ಆ ಕ್ಷೀಣ ನಾದ ಕೊನೆಯವರೆಗೂ ಉಳಿಯಿತು. ತಂದೆಯವರು ಅಲ್ಲೇ ತಾಳ ಹಾಕತೊಡಗಿದರು. ನನಗೆ ಅಷ್ಟು ಸಾಕಾಯಿತು.

ಉಳಿದ ಸಂದೇಹಗಳು ಎರಡು: ಆಂಪ್ಲಿಫೈಯರಿಗೆ ಎಷ್ಟು ವ್ಯಾಟ್ ಬೇಕು, ಮತ್ತು ಅವರು ನೆಲದ ಮೇಲೆ ಕೂರುವುದರಿಂದ ಸ್ಟ್ಯಾಂಡಿನ ಎತ್ತರ ಎಷ್ಟಿರಬೇಕು?

ಉತ್ತರ 3: ಮಂದ್ರಸ್ಥಾಯಿ, ಶಿವಮೊಗ್ಗ

ಆರು ಅಡಿ ದೂರದಲ್ಲಿ ಹಿತವಾಗಿ ಕೇಳಲು ಆ ಸ್ಪೀಕರಿಗೆ ಸರಾಸರಿ ಅರ್ಧ ವ್ಯಾಟ್ ಕೂಡ ಖರ್ಚಾಗುವುದಿಲ್ಲ. ತನಿ ಆವರ್ತನದಲ್ಲಿ (ಮೃದಂಗವೊಂದೇ ನುಡಿಯುವ ಭಾಗದಲ್ಲಿ) ಪೆಟ್ಟು 20 ಡೆಸಿಬಲ್ ಮೇಲಕ್ಕೆ ಚಿಮ್ಮಿದರೆ ಆ ಕ್ಷಣಕ್ಕೆ ನೂರು ಪಟ್ಟು ಶಕ್ತಿ ಬೇಕಾಗುವುದರಿಂದ, ಒಂದೊಂದು ಕಡೆಗೆ 50 ವ್ಯಾಟ್ ಪ್ರಾಮಾಣಿಕವಾಗಿ ಕೊಡುವ ಆಂಪ್ಲಿಫೈಯರ್ ಸಾಕು. ದುಬಾರಿ ಕೇಬಲ್ ಬೇಡ; ಎಲೆಕ್ಟ್ರಿಕಲ್ ಅಂಗಡಿಯ ಎರಡೂವರೆ ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿ.

ಎತ್ತರದ ಪ್ರಶ್ನೆ ಬಹಳ ಮುಖ್ಯವಾದದ್ದು. ವೂಫರ್, ಟ್ವೀಟರ್ ಎಂಬ ಎರಡು ಘಟಕಗಳ ಸ್ಪೀಕರಿನಲ್ಲಿ ಕಿವಿ ಟ್ವೀಟರಿನ ಮಟ್ಟದಿಂದ ತೀರಾ ಕೆಳಗೋ ಮೇಲೋ ಹೋದರೆ, ಶ್ರುತಿಸುಖ ಅವರು ಹೇಳಿದ ಬೆಸುಗೆಯ ಜಾಗದಲ್ಲೇ ಹಳ್ಳ ಬೀಳುತ್ತದೆ. ಅಂಗಡಿಯ 24 ಅಂಗುಲದ ಸ್ಟ್ಯಾಂಡ್ ಸೋಫಾದಲ್ಲಿ ಕೂರುವವರಿಗಾಗಿ ಮಾಡಿದ್ದು. ಚಾಪೆಯ ಮೇಲೆ ಕುಳಿತ ತಂದೆಯವರ ಕಿವಿ ನೆಲದಿಂದ ಎಷ್ಟು ಮೇಲಿದೆಯೆಂದು ಟೇಪು ಹಿಡಿದು ಅಳೆಯಿರಿ. ಅದು 28 ಅಂಗುಲವೆಂದುಕೊಂಡರೆ, ಅದರಿಂದ ಸ್ಪೀಕರಿನ ತಳದಿಂದ ಟ್ವೀಟರಿನವರೆಗಿನ ಎತ್ತರವನ್ನು ಕಳೆದು, ಉಳಿದ ಅಳತೆಗೆ ಬಡಗಿಯಿಂದ ಗಟ್ಟಿಮುಟ್ಟಾದ ಪೀಠ ಮಾಡಿಸಿ. ಕಂಬ ಟೊಳ್ಳಾಗಿದ್ದರೆ ಒಣ ಮರಳು ತುಂಬಿಸಿ. ಮುಂದೊಂದು ದಿನ ಅವರಿಗೆ ಕುರ್ಚಿಯೇ ಅನುಕೂಲವೆನಿಸಿದರೆ ಅಡಿಯಲ್ಲಿ ಇನ್ನೊಂದು ಹಲಗೆ ಸೇರಿಸಿ ಎತ್ತರಿಸಲು ಬರುವಂತೆ ಈಗಲೇ ಬಡಗಿಗೆ ಹೇಳಿಡಿ.