ಗ್ರೀನ್ ನದಿಯ ಕಣಿವೆಯಲ್ಲಿ ಕಯಾಕ್ ಪ್ರವಾಸ: ಈಜು ಬಾರದವರು ಹೋಗಬಹುದೇ?

ಪ್ರಶ್ನೆ:
ನಮಸ್ಕಾರ. ಡೆನ್ವರಿನಲ್ಲಿ ನೆಲೆಸಿರುವ ನಾನು, ನನ್ನ ಪತ್ನಿ ಮತ್ತು 15 ವರ್ಷದ ಮಗಳು ಯೂಟಾ ರಾಜ್ಯದ ಗ್ರೀನ್ ನದಿಯಲ್ಲಿ, ಲ್ಯಾಬರಿಂತ್ ಕಣಿವೆಯ ಮೂಲಕ ಮಾರ್ಗದರ್ಶಕರೊಂದಿಗೆ ಕಯಾಕ್ ಪ್ರವಾಸ ಹೋಗಬೇಕೆಂದಿದ್ದೇವೆ. ಪತ್ನಿಗೆ ಈಜು ಬಾರದು. ಮಗಳಿಗೆ ರಜೆ ಇರುವುದರಿಂದ ಜುಲೈ ತಿಂಗಳು ನಮಗೆ ಅನುಕೂಲ. ನದಿ ಎಷ್ಟು ಅಪಾಯಕಾರಿ, ಹಣ ಕಟ್ಟುವ ಮುನ್ನ ಏನೇನು ವಿಚಾರಿಸಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1:
ನದಿಗಿಂತ ಜುಲೈ ತಿಂಗಳ ಬಗ್ಗೆಯೇ ಹೆಚ್ಚು ಯೋಚಿಸಬೇಕು. ಗ್ರೀನ್ ರಿವರ್ ಪಟ್ಟಣದಿಂದ, ದೋಣಿಗಳನ್ನು ದಡಕ್ಕೆತ್ತುವ ಮಿನರಲ್ ಬಾಟಮ್‌ವರೆಗಿನ ಸುಮಾರು 109 ಕಿಲೋಮೀಟರ್ ಉದ್ದಕ್ಕೂ ನೀರು ಶಾಂತವಾಗಿ ಹರಿಯುತ್ತದೆ. ಲೈಫ್ ಜಾಕೆಟ್ ಕಳಚದಿದ್ದರೆ ಮತ್ತು ಇಬ್ಬರು ಕೂರುವ ಕಯಾಕಿನಲ್ಲಿ ಅನುಭವಿಗಳು ಜೊತೆಗಿದ್ದರೆ ಈಜು ಬಾರದವರೂ ಹೋಗಬಹುದು. ಆದರೆ ಪ್ರವಾಸ ಎಲ್ಲಿ ಮುಗಿಯುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮಿನರಲ್ ಬಾಟಮ್‌ನಿಂದ ಮುಂದಿನ ಸ್ಟಿಲ್‌ವಾಟರ್ ಕಣಿವೆಯೂ ಸೌಮ್ಯವೇ. ಆದರೆ ಕೊಲೊರಾಡೊ ನದಿಯೊಡನೆ ಸಂಗಮವಾದ ಕೆಲವೇ ಕಿಲೋಮೀಟರಿಗೆ ಕ್ಯಾಟರ್ಯಾಕ್ಟ್ ಕಣಿವೆಯ ಭೋರ್ಗರೆತ ಆರಂಭವಾಗುತ್ತದೆ. ಅದು ಹೊಸಬರ ಜಾಗವಲ್ಲ.

ಜುಲೈನಲ್ಲಿ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಮತ್ತು ಕಾದ ಬಂಡೆಗೋಡೆಗಳು ಸಂಜೆಯಾದ ಮೇಲೂ ಶಾಖ ಉಗುಳುತ್ತವೆ. ಮಳೆಗಾಲವೂ ಆಗಲೇ ಶುರುವಾಗುವುದರಿಂದ, ದೂರದಲ್ಲೆಲ್ಲೋ ಸುರಿದ ಮಳೆ ಪಕ್ಕದ ಒಣ ಕಂದರದೊಳಗಿಂದ ಏಕಾಏಕಿ ಪ್ರವಾಹವಾಗಿ ನುಗ್ಗಬಹುದು. ಅಂಥ ಕಂದರಗಳ ಬಾಯಲ್ಲಿ ಡೇರೆ ಹಾಕಬಾರದು. ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ, ಆದ್ದರಿಂದ ಮಾರ್ಗದರ್ಶಕರ ಬಳಿ ಸ್ಯಾಟಲೈಟ್ ಫೋನ್ ಇದೆಯೇ ಎಂದು ಮೊದಲೇ ಕೇಳಿ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಜುಲೈ ಬೇಡವೆಂದು ಜೂನ್ ಆರಂಭಕ್ಕೆ ಹೋಗಬೇಡಿ. ಮೇಲ್ಭಾಗದ ಪರ್ವತಗಳ ಹಿಮ ಕರಗಿ ಆಗ ನದಿ ತುಂಬಿರುತ್ತದೆ. ಹುಟ್ಟು ಹಾಕುವ ಶ್ರಮ ಕಡಿಮೆಯಾದರೂ ನೀರು ತಣ್ಣಗಿರುತ್ತದೆ, ಮರಳುದಿಬ್ಬಗಳು ಮುಳುಗಿರುತ್ತವೆ, ದಡದ ಟ್ಯಾಮರಿಸ್ಕ್ ಪೊದೆಗಳ ನಡುವೆ ಡೇರೆಗೆ ಜಾಗ ಹುಡುಕಬೇಕಾಗುತ್ತದೆ, ಬೆನ್ನಿಗೇ ಸೊಳ್ಳೆಗಳ ಕಾಟವೂ ಬರುತ್ತದೆ. ಈಜು ಬಾರದವರಿಗೆ ಸೆಪ್ಟೆಂಬರ್ ಲೇಸು. ತಿಂಗಳ ಮೊದಲ ಸೋಮವಾರದ ಲೇಬರ್ ಡೇ ರಜೆಗೆ ಶಾಲೆಯಿಂದ ಇನ್ನೆರಡು ದಿನ ಅನುಮತಿ ಪಡೆದರೆ, ಪಟ್ಟಣಕ್ಕಿಂತ ಕೆಳಗಿನ ರೂಬಿ ರಾಂಚ್‌ನಿಂದ ಹೊರಟು ಮಿನರಲ್ ಬಾಟಮ್‌ನಲ್ಲಿ ಮುಗಿಯುವ ಸುಮಾರು 72 ಕಿಲೋಮೀಟರಿನ ಮೊಟಕು ದಾರಿಗೆ ಸಮಯ ಸಾಕಾಗುತ್ತದೆ.

ಇನ್ನೊಂದು ವಿಷಯವನ್ನು ನಮ್ಮವರು ಸಂಕೋಚದಿಂದ ಕೇಳುವುದೇ ಇಲ್ಲ. ಇಲ್ಲಿ ಮಲವನ್ನು ಹೂಳುವಂತಿಲ್ಲ. ಒಯ್ಯಬಹುದಾದ ಶೌಚಪೆಟ್ಟಿಗೆಯಲ್ಲಿ ತುಂಬಿ ಹೊರಗೆ ತರಬೇಕು. ಅದಕ್ಕೆ ಮರೆಯ ಡೇರೆ ಇರುತ್ತದೆಯೇ ಎಂದು ವಿಚಾರಿಸಿ. ಕುಡಿಯಲು ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಬೇಕು. ನದಿಯ ರಾಡಿನೀರನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ತಿಳಿಯಾಗಲು ಬಿಡದೆ ಸೋಸಲು ಹೋದರೆ ಫಿಲ್ಟರ್ ಬೇಗನೆ ಕಟ್ಟಿಕೊಳ್ಳುತ್ತದೆ.

ಉತ್ತರ 3:
ಸಸ್ಯಾಹಾರಿಗಳಾಗಿದ್ದರೆ ಕಾಯ್ದಿರಿಸುವಾಗಲೇ ಬರೆದು ತಿಳಿಸಿ. ಚಟ್ನಿಪುಡಿ, ಅವಲಕ್ಕಿ ಜೊತೆಗಿರಲಿ. ಹಾಗೆಯೇ ಬೋನಾಟ್ ಬೆಂಡ್‌ನಲ್ಲಿ ಗುಡ್ಡ ಹತ್ತಲು ಸಮಯ ಕೊಡುತ್ತಾರೆಯೇ ಎಂದೂ ಕೇಳಿ. ಅಲ್ಲಿ ನದಿ ಸುಮಾರು 11 ಕಿಲೋಮೀಟರ್ ಸುತ್ತಿ ಮತ್ತೆ ಹೊರಟ ಜಾಗದ ಪಕ್ಕಕ್ಕೇ ಬರುತ್ತದೆ. ನಡುವಿನ ಕಿರಿದಾದ ದಿಣ್ಣೆಯ ಮೇಲೆ ನಿಂತರೆ ಎರಡೂ ಬದಿಗೆ ಅದೇ ನದಿ ಕಾಣುತ್ತದೆ. ಅವಸರದ ಪ್ರವಾಸಗಳಲ್ಲಿ ಮೊದಲು ಕೈಬಿಡುವುದು ಇಂಥದ್ದನ್ನೇ.