ಬೊಟಾಕ್ಸ್ ಆಗಿ 5 ವಾರ, ಹಿಮ್ಮಡಿ ಇನ್ನೂ ನೆಲಕ್ಕೆ ತಾಗುತ್ತಿಲ್ಲ

ಪ್ರಶ್ನೆ:
ನಾಲ್ಕೂವರೆ ವರ್ಷದ ಮಗು, 14 ಕೆ.ಜಿ., ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಬರುವ ಚಲನೆಯ ಸಮಸ್ಯೆ). ಎರಡೂ ಕಾಲು ಬಿಗಿ, ತುದಿಗಾಲ ನಡಿಗೆ. ಮೀನಖಂಡಕ್ಕೆ ಬೊಟಾಕ್ಸ್ (ಸ್ನಾಯು ಸಡಿಲಿಸುವ ಚುಚ್ಚುಮದ್ದು) ಕೊಟ್ಟು 5 ವಾರ ಆಯ್ತು. ಡೋಸ್ ಸಾಲಲಿಲ್ಲವೇ? ಬಿಗಿತ ಇಳಿಸುವ ಔಷಧ ಬ್ಯಾಕ್ಲೋಫೆನ್ ಸೇರಿಸಬಹುದೇ?

ಉತ್ತರ 1 (ಫಿಸಿಯೋ):
ಡೋಸ್ ವಿಚಾರ ಆಮೇಲೆ. ಮೊಣಕಾಲು ನೇರ ಇಟ್ಟು ಪಾದವನ್ನು ಥಟ್ಟನೆ ಮೇಲೆತ್ತಿ, ಎಲ್ಲಿ ತಡೆಯುತ್ತದೆ ನೋಡಿ: ಅದು ಆರ್1. ನಿಧಾನವಾಗಿ ಎತ್ತಿದಾಗ ಎಲ್ಲಿವರೆಗೆ ಬರುತ್ತದೋ ಅದು ಆರ್2. ಹಿಮ್ಮಡಿಯನ್ನು ಕೊಂಚ ಒಳಕ್ಕೆ ತಿರುಗಿಸಿ ಹಿಡಿಯದಿದ್ದರೆ ಪಾದ ನಡುವೆಯೇ ಬಾಗಿ ಸುಳ್ಳು ಅಳತೆ ಸಿಗುತ್ತದೆ. ಮೊಣಕಾಲು ಮಡಚಿಯೂ ಅಳೆಯಿರಿ.

ಪ್ರಶ್ನೆ ಕೇಳಿದವರು:
ಪಾದ ಕಾಲಿಗೆ ಲಂಬವಾಗಿರುವುದನ್ನು ಸೊನ್ನೆ ಎಂದು ಹಿಡಿದರೆ, ಮೊಣಕಾಲು ನೇರ ಇದ್ದಾಗ ಆರ್1 ಮೈನಸ್ 15 ಡಿಗ್ರಿ (ಅಷ್ಟು ಕೆಳಗೇ ನಿಲ್ಲುತ್ತದೆ), ಆರ್2 ಮೈನಸ್ 10. ಮಡಚಿದರೆ ಪ್ಲಸ್ 10 ಬರುತ್ತದೆ.

ಉತ್ತರ 1:
ಹಾಗಾದರೆ ಔಷಧ ಕೆಲಸ ಮಾಡಿದೆ ಎಂದೇ ಕಾಣುತ್ತದೆ. ಎರಡರ ನಡುವೆ ಐದೇ ಡಿಗ್ರಿ, ಅಂದರೆ ಉಳಿದಿರುವುದು ಸೆಳೆತಕ್ಕಿಂತ ಹೆಚ್ಚಾಗಿ ಸ್ನಾಯು ಗಿಡ್ಡವಾಗಿರುವುದು. ಮಡಚಿದಾಗ ಸಡಿಲವಾಗುವುದರಿಂದ ತಪ್ಪಿತಸ್ಥ ಗ್ಯಾಸ್ಟ್ರೋಕ್ನೀಮಿಯಸ್ (ಮೊಣಕಾಲನ್ನೂ ದಾಟುವ ಮೀನಖಂಡದ ಸ್ನಾಯು), ಅದರಡಿಯ ಸೋಲಿಯಸ್ ಅಲ್ಲ. ಬೊಟಾಕ್ಸ್ ಸೆಳೆತ ಇಳಿಸುತ್ತದೆ, ಸ್ನಾಯು ಉದ್ದ ಮಾಡುವುದಿಲ್ಲ. ಈಗ ಸರಣಿ ಪ್ಲಾಸ್ಟರ್ ಹಾಕಿಸಿ: ವಾರಕ್ಕೊಮ್ಮೆ ಬಿಚ್ಚಿ, ಕೆಲವೇ ಡಿಗ್ರಿ ಮುಂದೆ ತಂದು ಮತ್ತೆ ಹಾಕುವುದು, ಎರಡರಿಂದ ನಾಲ್ಕು ಸಲ. ಆತುರದಲ್ಲಿ ಒಂದೇ ಸಲ ಎಳೆದರೆ ಹಿಮ್ಮಡಿಯಲ್ಲಿ ಹುಣ್ಣು. ಬೆರಳು ನೀಲಿಯಾದರೆ, ಊದಿದರೆ, ಮಗು ಅಳು ನಿಲ್ಲಿಸದಿದ್ದರೆ ಅದೇ ದಿನ ಬಿಚ್ಚಿಸಬೇಕು. ನಂತರ ಎ.ಎಫ್.ಓ. (ಪಾದ-ಕಣಕಾಲನ್ನು ಹಿಡಿದಿಡುವ ಆಸರೆ ಪಟ್ಟಿ) ಕಡ್ಡಾಯ, ಇಲ್ಲದಿದ್ದರೆ ಗಳಿಸಿದ್ದೆಲ್ಲ ಹೋಗುತ್ತದೆ. ಒಳಗೆ ಹಿಮ್ಮಡಿ ಎದ್ದೇಳದಂತೆ ಕಣಕಾಲಿನ ಪಟ್ಟಿ ಬಿಗಿಯಾಗಿರಲಿ.

ಉತ್ತರ 2 (ಮಕ್ಕಳ ವೈದ್ಯ):
ಡೋಸ್ ಬಗ್ಗೆ: ಬೊಟಾಕ್ಸ್ ಬ್ರ್ಯಾಂಡಿನಲ್ಲಿ ಒಂದು ಕಾಲಿಗೆ ಕಿಲೋಗೆ 8 ಯೂನಿಟ್ ಮೇಲ್ಮಿತಿ, ಅಂದರೆ ಈ ಮಗುವಿಗೆ 112; ಎರಡೂ ಕಾಲಿಗೆ ಸೇರಿ ಕಿಲೋಗೆ 10, ಅಂದರೆ 140. ಇನ್ನೊಂದು ಬ್ರ್ಯಾಂಡ್ ಡಿಸ್ಪೋರ್ಟ್‌ನ ಯೂನಿಟ್ ಬೇರೆ, ಅದಲುಬದಲು ಲೆಕ್ಕ ಹಾಕಲೇಬೇಡಿ. ಪರಿಣಾಮ 3 ತಿಂಗಳ ಆಸುಪಾಸು. 12 ವಾರಕ್ಕೆ ಮೊದಲು ಮರುಚುಚ್ಚು ಬೇಡ.

ಒಂದು ಮೀನಖಂಡಕ್ಕಾಗಿ ಬ್ಯಾಕ್ಲೋಫೆನ್ ಅಂದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಇಡೀ ಮೈಯ ಬಿಗಿತ ಇಳಿಸುತ್ತದೆ, ತೂಕಡಿಕೆ ಬೇರೆ. ಬಿಗಿತದ ಬಲದಲ್ಲೇ ನಿಲ್ಲುವ ಮಕ್ಕಳು ಕುಸಿಯುತ್ತಾರೆ. ಈಗಾಗಲೇ ಕೊಡುತ್ತಿರುವವರು ಮಾತ್ರ ಥಟ್ಟನೆ ನಿಲ್ಲಿಸಬಾರದು, ಜ್ವರ, ಫಿಟ್ಸ್ ಬರಬಹುದು.

ಉತ್ತರ 3:
ಸ್ನಾಯುರಜ್ಜು ಉದ್ದ ಮಾಡುವ ಆಪರೇಷನ್ನಿಗೆ ಈ ವಯಸ್ಸಿನಲ್ಲಿ ಅವಸರ ಬೇಡ. ಅತಿಯಾಗಿ ಸಡಿಲವಾದರೆ ಮೊಣಕಾಲು ಬಗ್ಗಿಸಿ ನಡೆಯುವ ಅಭ್ಯಾಸ ಶುರು, ಅದು ತುದಿಗಾಲಿಗಿಂತ ಕಷ್ಟ. ಸೊಂಟದ ಎಕ್ಸ್‌ರೇ ಆಗಿದೆಯೇ? ತೊಡೆಮೂಳೆಯ ತಲೆ ಸೊಂಟದ ಕೀಲಿನ ಗುಳಿಯಿಂದ 30% ಮೀರಿ ಹೊರಸರಿದಿದ್ದರೆ ಮಕ್ಕಳ ಮೂಳೆ ತಜ್ಞರಿಗೆ ತೋರಿಸಿ. ನೋವಿಲ್ಲದೆಯೇ ಜಾರುತ್ತಿರುತ್ತದೆ.